ಜೆ.ಸಿ. ರೋಡಿನ ಆ ಅಣ್ಣನಿಗೆ

ಶನಿವಾರ ಬೆಂಗಳೂರಿನ ಜೆ.ಸಿ. ರೋಡಿನ ಟೀ ಅಂಗಡಿ ಮುಂದೆ ನನ್ನ ಹಳೇ ಬೈಕ್ ರೈಡಿಂಗ್ ಜಾಕೆಟ್ ನೋಡಿ ಮಾತಾಡಿಸಿದ ಅಣ್ಣ, ನಿಮ್ಮ ಹೆಸರು ಕೇಳೋದೇ ಮರೆತೆ. ಜಿಪ್ ಕೂರುತ್ತಿರಲಿಲ್ಲ, ಮೊಣಕೈ ಹತ್ತಿರ ಹೊಲಿಗೆ ಬಿಟ್ಟಿತ್ತು. ಮೂವರು ಟೈಲರ್‌ಗಳು "ಸೂಜಿ ಮುರಿಯುತ್ತೆ" ಎಂದು ವಾಪಸ್ ಕಳಿಸಿದ್ದರು. ನೀವು ಜಿಪ್ ಮೇಲೆ ಬೆರಳಾಡಿಸಿ, "ಹಲ್ಲು ಚೆನ್ನಾಗೇ ಇದೆ, ರನ್ನರ್ ಮಾತ್ರ ಸವೆದಿದೆ. ಬ್ಯಾಗ್ ರಿಪೇರಿಯವರ ಹತ್ರ ಹೋಗಿ" ಅಂದಿರಿ. ಗಲ್ಲಿ ತುದಿವರೆಗೂ ಬಂದು ಅಂಗಡಿ ತೋರಿಸಿದಿರಿ. ದಪ್ಪ ನೈಲಾನ್ ದಾರದಲ್ಲಿ ಎರಡು ಸಾಲು ಹೊಲಿಗೆ ಬಿತ್ತು. ಮೊದಲು ಮೊಣಕೈಗೆ ಪೆಟ್ಟಾಗದಂತೆ ಒಳಗಿರುವ ಪ್ಯಾಡ್ ತೆಗೆಸಿ ಅಂತ ನೀವು ಹೇಳದಿದ್ದರೆ ಅದನ್ನಿಡುವ ಜೇಬೂ ಸೇರಿ ಹೊಲಿದುಹೋಗುತ್ತಿತ್ತು! ಹೊಸದಕ್ಕೆಂದು 8,000 ಎತ್ತಿಟ್ಟಿದ್ದೆ, ಖರ್ಚಾಗಿದ್ದು 250 ರೂಪಾಯಿ. ತುಂಬಾ ಥ್ಯಾಂಕ್ಸ್ ಅಣ್ಣ. ಟೀ ದುಡ್ಡೂ ನೀವೇ ಕೊಟ್ಟಿರಿ, ಅದೊಂದು ಬಾಕಿ ಇದೆ.