ಮಾಂಡವಿಯಲ್ಲಿ ವೈಫೈ ಸರಿಮಾಡಿಕೊಟ್ಟ ಅಣ್ಣನಿಗೆ

ಪಣಜಿಯ ಎದುರು, ಮಾಲಿಂ ಜೆಟ್ಟಿಯಾಚೆ ಲಂಗರು ಹಾಕುವ ನಮ್ಮ ಬೋಟಿಗೆ ದಡದ ವೈಫೈ ಸಿಗುವಂತೆ ಮಾಡಿ, ಹೆಸರೂ ಹೇಳದೆ ಇಳಿದುಹೋದ ಕಾರವಾರ ಕಡೆಯ ಅಣ್ಣನಿಗೆ ನಮ್ಮೆಲ್ಲರ ಧನ್ಯವಾದ. ಚಹಾಕ್ಕೂ ನಿಲ್ಲಲಿಲ್ಲ ಮಾರಾಯ!

ಅವರು ಮೊದಲು ಕಿತ್ತದ್ದು ಆಂಟೆನಾದಿಂದ ಕ್ಯಾಬಿನ್ನಿಗೆ ಸಿಗ್ನಲ್ ಇಳಿಸಲು ಎಳೆದಿದ್ದ 10 ಮೀಟರ್ ತೆಳು ಆರ್‌ಜಿ-58 ಕೇಬಲ್. 2.4 ಗಿಗಾಹರ್ಟ್ಸ್‌ನಲ್ಲಿ ಅಂದರೆ ವೈಫೈ ಓಡುವ ತರಂಗದಲ್ಲಿ, ಅದು ಮೀಟರಿಗೆ ಸುಮಾರು 1 ಡೆಸಿಬೆಲ್ (ಸಿಗ್ನಲ್ ಬಲದ ಅಳತೆ) ನುಂಗುತ್ತದೆ. ಹತ್ತು ಮೀಟರಿಗೆ 10 ಡೆಸಿಬೆಲ್ ಹೋದರೆ ಕೆಳಗೆ ತಲುಪುವುದು ಸಿಗ್ನಲ್ಲಿನ ಹತ್ತರಲ್ಲಿ ಒಂದು ಪಾಲು. ಅದಕ್ಕೇ ವೈಫೈ ಹಿಡಿಯುವ ರೇಡಿಯೊವನ್ನೇ ಕಂಬದ ತುದಿಗೆ, ಆಂಟೆನಾದ ಬುಡದಲ್ಲೇ ಕೂರಿಸಿ, ಕೆಳಕ್ಕೆ ಬರೀ ಈಥರ್‌ನೆಟ್ ಕೇಬಲ್ ಇಳಿಸಿದರು. ಕರೆಂಟೂ ಅದರಲ್ಲೇ: 12 ವೋಲ್ಟ್ ಬ್ಯಾಟರಿ, 2 ಆಂಪಿಯರ್ ಫ್ಯೂಸ್, 24 ವೋಲ್ಟಿಗೆ ಏರಿಸುವ ಕನ್ವರ್ಟರ್, ಆಮೇಲೆ ಡೇಟಾದ ಕೇಬಲ್ಲಿಗೇ ಕರೆಂಟು ಸೇರಿಸುವ ಪಿಒಇ ಇಂಜೆಕ್ಟರ್.

ಭರತ ಇಳಿತ ಬದಲಾದಂತೆ ಬೋಟು ಮುಖ ತಿರುಗಿಸುತ್ತದೆ, ಹಾಗಾಗಿ ಒಂದೇ ದಿಕ್ಕಿನ ಆಂಟೆನಾ ಇಲ್ಲಿ ದಂಡ. ಸುತ್ತಲೂ ಹಿಡಿಯುವ ಆಂಟೆನಾದಲ್ಲೂ 12 ಡಿಬಿಐನದು (ಡಿಬಿಐ ಎಂದರೆ ಆಂಟೆನಾ ಸಿಗ್ನಲ್ಲನ್ನು ಎಷ್ಟು ಒಂದೆಡೆ ಒತ್ತುತ್ತದೆ ಎಂಬ ಅಳತೆ) ಬೇಡ ಎಂದರು. ಅದರ ಕಿರಣ ರೊಟ್ಟಿಯಂತೆ ಚಪ್ಪಟೆ. ಬೋಟು ಸ್ವಲ್ಪ ಹೊಯ್ದಾಡಿದರೂ ದಡ ತಪ್ಪುತ್ತದೆ. 5ರಿಂದ 8 ಡಿಬಿಐ ಸಾಕು. ಅಂಗಡಿಯವರು ಇದನ್ನು ಹೇಳುವುದಿಲ್ಲ, ಬಿಡಿ.

ಸಿಗ್ನಲ್ ಪೂರ್ತಿ ಇದ್ದರೂ ಪುಟ ತೆರೆಯದಿದ್ದುದಕ್ಕೆ ಕಾರಣ ಬೇರೆ. ದಡದ ರೂಟರೂ ನಮ್ಮದೂ ಎರಡರ ನೆಟ್‌ವರ್ಕ್ ವಿಳಾಸವೂ 192.168.1.1, ಒಂದೇ ವಿಳಾಸವಾದ್ದರಿಂದ ಗೊಂದಲ. ನಮ್ಮದನ್ನು 192.168.10.1 ಮಾಡಿದ ಮೇಲೆ ಹರಿಯಿತು.

ಕೊನೆಗೆ ಕನೆಕ್ಟರುಗಳಿಗೆಲ್ಲ ತನಗೆ ತಾನೇ ಅಂಟುವ ರಬ್ಬರ್ ಟೇಪನ್ನು ಎಳೆದು ಬಿಗಿಯಾಗಿ ಸುತ್ತಿ, ಮಳೆನೀರು ಒಳಗಿಳಿಯದಂತೆ ಕೇಬಲ್ಲಿಗೆ ಕೆಳಮುಖ ಬಳುಕು ಕೊಟ್ಟರು. ಉಳಿದ ಟೇಪ್ ಸುರುಳಿ ನಮ್ಮಲ್ಲೇ ಇದೆ ಅಣ್ಣ, ಮಾಲಿಂಗೆ ಬಂದಾಗ ತಗೊಂಡು ಹೋಗಿ.