ಸ್ಪ್ಲಿಟ್ ಪ್ಲಾಟ್ ಲೆಕ್ಕ ಬಿಡಿಸಿಕೊಟ್ಟವರಿಗೆ
ನಮ್ಮ ರಾಗಿ ಪ್ರಯೋಗದ 36 ತಾಕುಗಳ ಲೆಕ್ಕವನ್ನು ಆರ್ ತಂತ್ರಾಂಶದಲ್ಲಿ ಬಿಡಿಸಿಕೊಟ್ಟು, ಹೆಸರು ಮಾತ್ರ ಹಾಕಬೇಡಿ ಎಂದ ಸಂಖ್ಯಾಶಾಸ್ತ್ರದ ಮೇಷ್ಟ್ರಿಗೆ ತುಂಬು ಧನ್ಯವಾದ.

ಸ್ಪ್ಲಿಟ್ ಪ್ಲಾಟ್ ಎಂದರೆ ದೊಡ್ಡ ತಾಕಿಗೆ ಒಂದು ಉಪಚಾರ, ಅದನ್ನು ಒಡೆದ ಚಿಕ್ಕ ತಾಕುಗಳಿಗೆ ಇನ್ನೊಂದು. ನಮ್ಮಲ್ಲಿ ಮುಖ್ಯ ತಾಕಿನಲ್ಲಿ ನೀರಾವರಿಯ 3 ಮಟ್ಟ, ಉಪತಾಕಿನಲ್ಲಿ ಸಾರಜನಕದ 4 ಮಟ್ಟ, 3 ಪುನರಾವರ್ತನೆ. ಇದನ್ನು ಮಾಮೂಲಿ ಫ್ಯಾಕ್ಟೋರಿಯಲ್ (ದೊಡ್ಡ ತಾಕು, ಚಿಕ್ಕ ತಾಕು ಎಂಬ ಭೇದವಿಲ್ಲದ ಪ್ರಯೋಗ) ಎಂದು ಓಡಿಸಿದರೆ ಎರರ್‌ಗೆ (ಉಪಚಾರಗಳಿಂದಲ್ಲದ ಏರಿಳಿತಕ್ಕೆ) ಒಂದೇ ಸಾಲು, 22 ಡಿಎಫ್ (ಡಿಗ್ರೀಸ್ ಆಫ್ ಫ್ರೀಡಂ, ಅಂದಾಜಿಗೆ ಸಿಗುವ ಸ್ವತಂತ್ರ ಮಾಹಿತಿಯ ಎಣಿಕೆ). ನೀರಾವರಿಯ ವ್ಯತ್ಯಾಸ ಇಲ್ಲದಿದ್ದರೂ ಸಿಗ್ನಿಫಿಕೆಂಟ್ (ಆಕಸ್ಮಿಕವಲ್ಲದ್ದು) ಎಂದು ಕಂಡುಬಿಡಬಹುದು. ಸೂತ್ರದ ಕೊನೆಗೆ ‘ಎರರ್(ಪುನರಾವರ್ತನೆ/ನೀರಾವರಿ)’ ಸೇರಿಸಿದರೆ ಆ 22 ಎಂಬುದು 4 ಮತ್ತು 18 ಆಗಿ ಒಡೆಯುತ್ತದೆ. ನೀರಾವರಿಯನ್ನು 4ರ ಸಾಲಿನೆದುರು, ಸಾರಜನಕವನ್ನೂ ಎರಡರ ಇಂಟರ್‌ಆ್ಯಕ್ಷನ್ನನ್ನೂ (ಒಂದರ ಪರಿಣಾಮ ಇನ್ನೊಂದರ ಮಟ್ಟದ ಮೇಲೆ ಬದಲಾಗುವುದನ್ನು) 18ರ ಸಾಲಿನೆದುರು ಪರೀಕ್ಷಿಸಬೇಕು. ಇಷ್ಟನ್ನೂ ಮೊದಲು ಕಾಗದದ ಮೇಲೆ ಕೂಡಿಸಿ ತೋರಿಸಿ, ಆಮೇಲೇ ಕಂಪ್ಯೂಟರ್ ಮುಟ್ಟಿದರು. ಅದೇ ಸರಿಯಾದ ಕ್ರಮ.

0, 40, 80, 120 ಎಂದು ತುಂಬಿದ ಸಾರಜನಕವನ್ನು ಆರ್ ಬರೀ ಸಂಖ್ಯೆ ಎಂದೇ ಓದುತ್ತದೆ. ಅದನ್ನು ಫ್ಯಾಕ್ಟರ್ (ಬೇರೆ ಬೇರೆ ಗುಂಪುಗಳ ಹೆಸರು) ಮಾಡದಿದ್ದರೆ ಡಿಎಫ್ 3ರ ಬದಲು 1. ಹಾಗಾಗಿ ಪಟ್ಟಿಯಲ್ಲಿ ಮೊದಲು ನೋಡಬೇಕಾದದ್ದು ಡಿಎಫ್ ಕಾಲಂ, ಪಿ ಬೆಲೆ (ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ದೊಡ್ಡ ಅಂತರ ಕಾಣುವ ಸಂಭವ) ಆಮೇಲೆ. (ಸಿಗ್ನಿಫಿಕೆಂಟ್ ಎಂದು ತೋರಿಸುವ ನಕ್ಷತ್ರಚಿಹ್ನೆ ಕಂಡೊಡನೆ ಕುಣಿಯುವವರೇ ಹೆಚ್ಚು.) ಹೆಗ್ಗಣ ಮುಕ್ಕಿದ ತಾಕಿಗೆ ಸೊನ್ನೆ ಬರೆಯಬೇಡಿ, ಎನ್‌ಎ (ಅಳತೆ ಸಿಕ್ಕಿಲ್ಲ ಎಂಬ ಗುರುತು) ಬರೆಯಿರಿ ಎಂದರು; ಆಗ ತಾಕುಗಳ ಎಣಿಕೆಯ ಸಮತೋಲ ಕೆಡುವುದರಿಂದ ಆರ್‌ನ ಎಲ್‌ಎಂಇ4 ಪ್ಯಾಕೇಜಿನ ಮಿಶ್ರ ಮಾದರಿಯೇ (ಉಪಚಾರದ ಪರಿಣಾಮವನ್ನೂ ತಾಕುಗಳ ಆಕಸ್ಮಿಕ ಏರಿಳಿತವನ್ನೂ ಒಟ್ಟಿಗೆ ಲೆಕ್ಕ ಹಾಕುವ ವಿಧಾನ) ವಾಸಿ ಎಂದು ಅದರ ಕೋಡನ್ನೂ ಬರೆದುಕೊಟ್ಟರು. ಮುಂದಿನ ಹಂಗಾಮಿನ ದತ್ತಾಂಶಕ್ಕೂ ಅದೇ ಕಡತ ಬಳಸುತ್ತೇವೆ, ಮೇಷ್ಟ್ರೇ.