ಬೊಗಸೆ ಒಡ್ಡಿದ ದಿನ

ಬೀದರ್
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಇಲ್ಲಿಗೆ ವರ್ಗವಾಗಿ ಬಂದು ಎಂಟು ತಿಂಗಳಾದರೂ ಸಿಖ್ಖರ ನಾನಕ್ ಝೀರಾ ಗುರುದ್ವಾರಕ್ಕೆ ಹೋಗಿರಲಿಲ್ಲ. ಬಂಡೆಯಿಂದ ಬರುವ ಸಿಹಿನೀರು ನೋಡಿ ಬರೋಣ ಅಂತ ಇವತ್ತು ಹೊರಟೆ. ಹೋದವನು ಲಂಗರಿನಲ್ಲಿ, ಅಂದರೆ ಬಂದವರಿಗೆಲ್ಲ ಉಚಿತವಾಗಿ ಬಡಿಸುವ ಅಲ್ಲಿಯ ಊಟದ ಸಾಲಿನಲ್ಲಿ, ಊಟಕ್ಕೇ ಕೂತುಬಿಟ್ಟೆ.

ತಲೆಗೆ ಕರ್ಚೀಫ್ ಕಟ್ಟಿಕೊಂಡು ನೆಲದ ಮೇಲೆ ಕೂತೆ. ಒಂದು ಪಕ್ಕ ಆಟೋ ಓಡಿಸುವವರು, ಇನ್ನೊಂದು ಪಕ್ಕ ಕೈತುಂಬ ಚಿನ್ನದ ಬಳೆ ತೊಟ್ಟ ಅಜ್ಜಿ. ದಾಲ್ ತಟ್ಟೆಗೆ ಬಿತ್ತು. ರೊಟ್ಟಿಯನ್ನು ಮಾತ್ರ ಎರಡೂ ಕೈ ಒಡ್ಡಿ ತಗೋಬೇಕು. ನನಗೆ ಕೈಯೇ ಮುಂದೆ ಬರಲಿಲ್ಲ ಕಣೇ. ಯಾರ ಮುಂದೆಯೂ ಕೈಯೊಡ್ಡಬಾರದು ಅಂತ ನಿನಗೆ ಹೇಳಿಕೊಟ್ಟವನು ನಾನೇ ಅಲ್ವಾ? ಬಡಿಸುವ ಹುಡುಗ ಸುಮ್ನೆ ಬಾಗಿ ನಿಂತೇ ಇದ್ದ. ಕೊನೆಗೆ ಒಡ್ಡಿದೆ.

ಸೇವೆ ಅಂದರೆ ಕೊಡುವುದು ಅಂದುಕೊಂಡಿದ್ದೆ. ಅದೇನೋ ಸುಲಭ. ಇಲ್ಲಿ ಬಡಿಸಿದ ಹುಡುಗ ಆಮೇಲೆ ಅದೇ ಸಾಲಿನಲ್ಲಿ ಕೂತು ತಾನೂ ಬೊಗಸೆ ಒಡ್ಡಿದ.

ಈ ಸಾಲಿಗೆ ಅವರು ಪಂಗತ್ ಅನ್ನುತ್ತಾರೆ. ನಮ್ಮ ಪಂಕ್ತಿಯೇ. ಆದರೆ ನಮ್ಮಲ್ಲಿ ಪಂಕ್ತಿಭೇದ ಅಂತಲೂ ಒಂದು ಮಾತಿದೆ. ನಿನ್ನ ಮುತ್ತಜ್ಜನ ಮನೆಗೆ ಕ್ಷೌರಕ್ಕೆ ಬರುತ್ತಿದ್ದವರಿಗೆ ಹಿತ್ತಿಲಲ್ಲೇ ಎಲೆ ಹಾಕುತ್ತಿದ್ದರು. ನಾನು ನೋಡಿದ್ದೇನೆ. ಆಗ ನನಗೇನೂ ಅನ್ನಿಸಿರಲಿಲ್ಲ.

1699ರ ಬೈಸಾಖಿ ಹಬ್ಬದ ದಿನ ಪಂಜಾಬಿನ ಆನಂದಪುರದಲ್ಲಿ ಸಿಖ್ಖರ ಹತ್ತನೇ ಗುರು ಗೋಬಿಂದ್ ಸಿಂಗರು, ತಲೆ ಕೊಡುವವರು ಯಾರಿದ್ದೀರಿ ಅಂತ ಕೇಳಿದರಂತೆ. ಎದ್ದು ನಿಂತ ಐವರಲ್ಲಿ ಒಬ್ಬರು ಬೀದರಿನವರು, ಸಾಹಿಬ್ ಚಂದ್. ಕ್ಷೌರಿಕರು! ಗುರುಗಳು ಆ ಐವರಿಗೂ ಒಂದೇ ಬಟ್ಟಲಿನಿಂದ ದೀಕ್ಷೆಯ ಸಿಹಿನೀರು, ಅಂದರೆ ಅಮೃತ, ಕುಡಿಸಿದರು. ಆಮೇಲೆ ಅವರ ಮುಂದೆ ಬಾಗಿ, ನನಗೂ ಕೊಡಿ ಅಂತ ಕೇಳಿ ಕುಡಿದರು. ಗುರುವೇ ಕೈಯೊಡ್ಡಿದ್ದು ನೋಡು.

ಸಿಖ್ಖರಲ್ಲೂ ಜಾತಿ ಪೂರ್ತಿ ಹೋಗಿಲ್ಲ. ಮದುವೆಯ ಮಾತು ಬಂದಾಗ ಅಲ್ಲೂ ತಲೆ ಎತ್ತುತ್ತದೆ. ಪಂಜಾಬಿನ ಕೆಲವು ಹಳ್ಳಿಗಳಲ್ಲಿ ದಲಿತರಿಗೆ ಬೇರೆ ಗುರುದ್ವಾರಗಳೇ ಇವೆ. ಆದರೂ ದಿನಾ ಆ ಸಾಲು ಕೂರುತ್ತದೆ, ಅದು ಸಣ್ಣದಲ್ಲ.

ನೀನು ಬಂದಾಗ ಪಕ್ಕದ ಜನವಾಡಕ್ಕೂ ಹೋಗೋಣ. ಪಂಜಾಬಿನ ಮುಕ್ತಸರದ ಯುದ್ಧದಲ್ಲಿ ಆಯುಧ ಹಿಡಿದು ಕಾದಿದ ಸಿಖ್ ವೀರವನಿತೆ ಮಾಯಿ ಭಾಗೋ ಕೊನೆಗಾಲ ಕಳೆದದ್ದು ಅಲ್ಲೇ. ನಿನಗೆ ಜಾಸ್ತಿ ಇಷ್ಟವಾಗುತ್ತಾಳೆ.

ಊಟವಾದ ಮೇಲೆ ಅರ್ಧ ಗಂಟೆ ತಟ್ಟೆ ತೊಳೆದೆ. ಮನೆಗೆ ಬಂದು ಅಮ್ಮನಿಗೆ ಹೇಳಿದರೆ, "ಅಲ್ಲಿ ತೊಳೆದರೆ ಸೇವೆ, ಇಲ್ಲಿ ನಾನು ತೊಳೆದರೆ ಏನು?" ಅಂದಳು. ರಾತ್ರಿಯ ಪಾತ್ರೆ ತೊಳೆದಿಟ್ಟೇ ಇದನ್ನು ಬರೆಯುತ್ತಿದ್ದೇನೆ. ಕುಕ್ಕರಿನ ತಳ ಮಾತ್ರ ಬಿಡಲಿಲ್ಲ, ನೆನೆಹಾಕಿದ್ದೇನೆ.

ನಿನ್ನ
ಅಪ್ಪ